ಆಯಾ ಇಡೋದಾ, ನಾದಿನಿಯನ್ನು ಕರೆಸೋದಾ?

ಅತ್ತೆ ಹಾಸಿಗೆ ಹಿಡಿದ ಮೇಲೆ ಎರಡನ್ನೂ ಮಾಡಿ ನೋಡಿದೆ. ದಿನಾ ಎರಡು ಗಂಟೆ ಆಯಾ ಬಂದರೆ ದುಡ್ಡು ಖರ್ಚು, ಮೊದಲ ವಾರ ಎಲ್ಲಾ ಹೇಳಿಕೊಡಬೇಕು, ಆದರೆ ಆ ಹೊತ್ತು ಪೂರ್ತಿ ನಿಮ್ಮದೇ. ನಾನು ಹಾಸನದ ಮಹಾರಾಜ ಪಾರ್ಕಿನಲ್ಲಿ ನಾಲ್ಕು ಸುತ್ತು ಹಾಕಿ, ಕಾಫಿಯನ್ನು ಆರುವ ಮೊದಲೇ ಕುಡಿದು ಬರುತ್ತೇನೆ.

ನಾದಿನಿ ತಿಂಗಳಿಗೆ ಎರಡು ದಿನ ಬಂದರೆ ಖರ್ಚಿಲ್ಲ, ಅತ್ತೆಗೂ ಖುಷಿ. ಅಡುಗೆ ಮಾತ್ರ ನನಗೇ, ಜೊತೆಗೆ ‘ಅಮ್ಮ ಸೊರಗಿದ್ದಾರೆ’ ಅನ್ನೋ ಮಾತು ಬೇರೆ! ಆದರೂ ಎರಡು ಗಂಟೆಗೊಮ್ಮೆ ಎದ್ದು ಹಾಸಿಗೆ ಹಿಡಿದವರ ಮಗ್ಗುಲು ಬದಲಿಸಿ ಸಾಕಾಗಿ, ಒಂದು ರಾತ್ರಿ ನಿದ್ದೆ ಸಿಕ್ಕರೆ ಸಾಕು ಅನ್ನುವವರಿಗೆ ಇದೇ ಸರಿ.

ನನ್ನ ಓಟು ಆಯಾಗೆ. ಎರಡೂ ಆಗದೆ ಸುಮ್ನೆ ಅಳು ಬರ್ತಿದೆಯಾ? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ರಾತ್ರಿಯೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.