ಐಲ್ ಆಫ್ ಮ್ಯಾನ್ ಟಿಟಿ: ರೇಸ್ ಅದ್ಭುತ, ನೀವು ಓಡಿಸುವಾಗ ಹುಷಾರು

ಟಿಟಿ (ಟೂರಿಸ್ಟ್ ಟ್ರೋಫಿ) ಬೈಕ್ ರೇಸ್ ನೋಡಲು ಇಂಗ್ಲೆಂಡಿನ ಹೀಷಮ್ ಬಂದರಿನಲ್ಲಿ ಬೈಕ್ ಹಡಗಿಗೆ ಹತ್ತಿಸಿಕೊಂಡು ಐಲ್ ಆಫ್ ಮ್ಯಾನ್ ದ್ವೀಪದ ಊರು ಡಗ್ಲಸ್‌ಗೆ ಹೋಗಿದ್ದೆವು. ರೇಸಿನ ಒಂದು ಸುತ್ತು 60 ಕಿಲೋಮೀಟರಿಗೂ ಜಾಸ್ತಿ, ಅದೂ ದಿನಾ ಬಸ್ಸು ಓಡಾಡುವ ರಸ್ತೆಯಲ್ಲೇ! ಬ್ರೇ ಹಿಲ್ ಇಳಿಜಾರಿನಲ್ಲಿ ಯಾರದೋ ಮನೆಯ ಕಾಂಪೌಂಡ್ ಪಕ್ಕ ನಿಂತಿದ್ದೆ. ಮೊದಲು ಸದ್ದು ಕೇಳಿಸಿತು, ಆಮೇಲೆ ಗಾಳಿ ಮುಖಕ್ಕೆ ಬಡಿಯಿತು, ಕತ್ತು ತಿರುಗಿಸುವಷ್ಟರಲ್ಲಿ ಬೈಕ್ ಮಾಯ. ಅಂಥದ್ದು ನಾನು ಬೇರೆಲ್ಲೂ ನೋಡಿಲ್ಲ.

ರೇಸ್ ಇಲ್ಲದ ಹೊತ್ತಿನಲ್ಲಿ ಅದೇ ರಸ್ತೆಯಲ್ಲಿ ನಾವೂ ಓಡಿಸಬಹುದು. ಭಯ ಇರುವುದು ಅಲ್ಲೇ. ಊರಿನ ಹೊರಗೆ ಎಷ್ಟೋ ಕಡೆ ವೇಗಕ್ಕೆ ಮಿತಿಯೇ ಇಲ್ಲ. ರಾಮ್ಸಿ ಅನ್ನುವ ಊರಿನಿಂದ ಹತ್ತುವ ಬೆಟ್ಟದ ರಸ್ತೆ ಟಿಟಿ ನಡೆಯುವ ದಿನಗಳಲ್ಲಿ ಒನ್‌ವೇ, ಎದುರಿಗೆ ಯಾರೂ ಬರಲ್ಲ ಅನ್ನುವ ಧೈರ್ಯಕ್ಕೆ ಹಿಂದಿನವರು ಎಡ ಬಲ ನೋಡದೆ ನುಗ್ಗುತ್ತಾರೆ, ಮೇಲೆ ಹೋದರೆ ದಿಢೀರಂತ ಮಂಜು. ಉಳಿದ ರಸ್ತೆಗಳಲ್ಲಿ ನಮ್ಮ ಹಾಗೆ ಎಡಕ್ಕೇ ಓಡಿಸಬೇಕು. ಪೆಟ್ರೋಲ್ ಬಂಕ್‌ನಿಂದ ಹೊರಟ ಒಬ್ಬರು ತಮ್ಮ ದೇಶದ ಅಭ್ಯಾಸದ ಮೇಲೆ ಬಲಕ್ಕೆ ಹೊರಳಿ ಸೀದಾ ನನ್ನೆದುರಿಗೇ ಬಂದರು, ಬ್ರೇಕ್ ಹಿಡಿದ ಕೈ ಆಮೇಲೂ ನಡುಗುತ್ತಿತ್ತು.

ಆದರೂ ಒಮ್ಮೆ ಹೋಗಲೇಬೇಕು. ಹಡಗಿನ ಟಿಕೆಟ್ ತಿಂಗಳುಗಟ್ಟಲೆ ಮೊದಲೇ ಮಾಡಿಸಿ. ಬೆಟ್ಟದ ರಸ್ತೆಗೆ ಮಾತ್ರ ಜನ ಏಳುವ ಮೊದಲೇ, ಬೆಳಗಿನ ಜಾವ ಹೋಗಿ ಬನ್ನಿ.