ಎರಡು ಸಾಲಿನ ಅರಿಶಿನ ನಾಟಿ ಯಂತ್ರ: ಮೂರು ಹಂಗಾಮು ಬಳಸಿದ ಮೇಲೆ

ಗುಂಡ್ಲುಪೇಟೆ ಕಡೆ ನಮ್ಮ ಹೊಲ. ಟ್ರ್ಯಾಕ್ಟರ್‌ಗೆ ಸಿಗಿಸುವ ಈ ಯಂತ್ರ ತಂದು ಇದು ಮೂರನೇ ಹಂಗಾಮು. ಐದಕ್ಕೆ ಮೂರೂವರೆ ಕೊಡುತ್ತೇನೆ. 'ಆಳೇ ಬೇಡ ಸಾರ್' ಅಂತ ಮಾರುವವರು ಹೇಳುತ್ತಾರಲ್ಲ, ಅದನ್ನು ಮಾತ್ರ ನಂಬಬೇಡಿ. ನೆಡುವ ಆಳು ಕಡಿಮೆ ಸಾಕು, ಗೆಡ್ಡೆ ಅಳತೆ ನೋಡಿ ಆರಿಸುವುದಕ್ಕೆ ಜಾಸ್ತಿ ಬೇಕು.

ಇದರ ಜೀವ ಇರುವುದು ಬಟ್ಟಲಿನ ಚೈನಿನಲ್ಲಿ. ಪೆಟ್ಟಿಗೆಗೆ ಸುರಿದ ಬಿತ್ತನೆ ಗೆಡ್ಡೆಯನ್ನು ಬಟ್ಟಲುಗಳು ಒಂದೊಂದಾಗಿ ಎತ್ತಿ ಕೊಳವೆಗೆ ಹಾಕಬೇಕು. ಆಲೂಗಡ್ಡೆ ಗುಂಡಗಿರುತ್ತದೆ, ಸಲೀಸು. ಅರಿಶಿನ ಕವಲು ಕವಲು. ಒಂದು ಗೆಡ್ಡೆ ಪಕ್ಕದ್ದನ್ನೂ ಎಳೆದುಕೊಂಡು ಮೇಲೆ ಬರುತ್ತದೆ, ಇಲ್ಲಾ ಬಟ್ಟಲು ಖಾಲಿ ಹೋಗುತ್ತದೆ. ಅದಕ್ಕೇ ಹಿಂದೆ ಸಾಲಿಗೊಂದು ಸೀಟು ಇಟ್ಟಿದ್ದಾರೆ. ಕೂತವರು ಖಾಲಿ ಬಟ್ಟಲು ಕಂಡಲ್ಲಿ ಗೆಡ್ಡೆ ಹಾಕಬೇಕು. ಟ್ರ್ಯಾಕ್ಟರ್ ಗಂಟೆಗೆ 2 ಕಿ.ಮೀ. ಹೋದರೂ, 25 ಸೆಂ.ಮೀ. ಅಂತರಕ್ಕೆ ನಿಮಿಷಕ್ಕೆ 130ರ ಮೇಲೆ ಬಟ್ಟಲು ಕಣ್ಣಮುಂದೆ ಹೋಗುತ್ತವೆ. ಯಾರ ಕೈ ಓಡುತ್ತದೆ ಹೇಳಿ? ಹಾಗಾಗಿ ಅತಿ ನಿಧಾನದ ಗೇರ್ ಇರುವ ಟ್ರ್ಯಾಕ್ಟರ್ ಇಲ್ಲದಿದ್ದರೆ ಇದರ ಸಹವಾಸ ಬೇಡ.

ಗೆಡ್ಡೆ ಒಂದೇ ಅಳತೆಗೆ ಮುರಿದಿದ್ದರೆ ಅರ್ಧ ತಲೆನೋವು ಹೋಯಿತು. ದುಡ್ಡಿನ ಲೆಕ್ಕವೂ ಅಲ್ಲೇ ಇದೆ. ಸಾಲು 45 ಸೆಂ.ಮೀ., ಗೆಡ್ಡೆ 25 ಸೆಂ.ಮೀ. ಅಂತರದಲ್ಲಿ ಇಟ್ಟರೆ ಎಕರೆಗೆ ಸುಮಾರು 36,000 ಗೆಡ್ಡೆ ಬೇಕು. ಒಂದೊಂದು 25 ಗ್ರಾಂ ಇದ್ದರೆ 9 ಕ್ವಿಂಟಾಲ್. 40 ಗ್ರಾಂ ಆದರೆ 14 ಕ್ವಿಂಟಾಲ್ ದಾಟುತ್ತದೆ! ಮೊಳಕೆ ಉದ್ದ ಬಂದಿದ್ದರೆ ಚೈನಿಗೆ ಸಿಕ್ಕಿ ಮುರಿಯುತ್ತದೆ, ಕಣ್ಣು ಆಗಷ್ಟೇ ಉಬ್ಬಿರಬೇಕು. ಔಷಧಿಯಲ್ಲಿ ಅದ್ದಿದ್ದನ್ನು ನೆರಳಲ್ಲಿ ಒಣಗಿಸಿಯೇ ಸುರಿಯಿರಿ. ದಪ್ಪ ತಾಯಿಗೆಡ್ಡೆಗಳನ್ನು ನಾವು ಬೇರೆ ತೆಗೆದಿಡುತ್ತೇವೆ. ಬದುವಿನ ಹತ್ತಿರ ಟ್ರ್ಯಾಕ್ಟರ್ ತಿರುಗಿಸುವ ಜಾಗ ಹೇಗೂ ಕೈಯಲ್ಲೇ ನೆಡಬೇಕಲ್ವಾ, ಅಲ್ಲಿಗೆ ಅವು.

ಕೆಂಪು ಮಣ್ಣಲ್ಲಿ ರೋಟವೇಟರ್ ಹೊಡೆದು ಹದ ಮಾಡಿದ್ದರೆ ಕೆಲಸ ಚೆನ್ನ. ಆಳ ಒಂದೇ ಸಮ, ಸಾಲು ನೇರ. ಆಮೇಲೆ ಡ್ರಿಪ್ ಪೈಪ್ ಎಳೆಯಲು, ಪವರ್ ವೀಡರ್ (ಕಳೆ ತೆಗೆಯುವ ಯಂತ್ರ) ಬಿಟ್ಟು ಮಣ್ಣು ಏರಿಸಲು ಇದರಷ್ಟು ಅನುಕೂಲ ಇನ್ನೊಂದಿಲ್ಲ. ನನಗೆ ನಿಜವಾದ ಉಳಿತಾಯ ಅನ್ನಿಸಿದ್ದು ಅಲ್ಲಿ. ಎರೆ ಮಣ್ಣಿನ ತುಂಡಲ್ಲಿ ಮಾತ್ರ, ಮಳೆ ಬಿದ್ದ ಮಾರನೇ ದಿನ ಇಳಿಸಿದರೆ ಕಥೆ ಮುಗಿಯಿತು. ಕೊಳವೆಯ ಬಾಯಿಗೆ ಮಣ್ಣು ಮೆತ್ತಿಕೊಳ್ಳುತ್ತದೆ. ಚೈನ್ ತಿರುಗಿಸುವ ಗಾಲಿ ಜಾರುತ್ತದೆ. ಗಾಲಿ ಜಾರಿದಷ್ಟು ದೂರ ಗೆಡ್ಡೆಯೇ ಬೀಳುವುದಿಲ್ಲ, ಮುಂದೆ ಟ್ರ್ಯಾಕ್ಟರ್ ಓಡಿಸುವವರಿಗೆ ಅದು ಗೊತ್ತೂ ಆಗುವುದಿಲ್ಲ. ಹಿಂದೆ ಒಬ್ಬರು ನಡೆದುಕೊಂಡು ಬರಲೇಬೇಕು.

ರಿಪೇರಿ ದೊಡ್ಡದೇನಿಲ್ಲ. ಸಾಲು ಬಿಡಿಸುವ ಗುಳದ ಮೊನೆ ಸವೆದಿತ್ತು, ಊರ ಕುಲುಮೆಯಲ್ಲೇ ಸರಿಯಾಯಿತು. ಚೈನ್ ಲಿಂಕ್ ಪೇಟೆಯಲ್ಲಿ ಸಿಗುತ್ತದೆ. ಪ್ಲಾಸ್ಟಿಕ್ ಬಟ್ಟಲು ಮಾತ್ರ ಸಿಗುವುದಿಲ್ಲ. ಕಂಪನಿಯವರಿಗೆ ಫೋನ್ ಮಾಡಿದರೆ 'ಕಳಿಸ್ತೀವಿ' ಅನ್ನುತ್ತಾರೆ, ಬರುವಷ್ಟರಲ್ಲಿ ನಾಟಿ ಮುಗಿದಿರುತ್ತದೆ. ಕೊಳ್ಳುವಾಗಲೇ ಒಂದು ಡಜನ್ ಜಾಸ್ತಿ ಕೇಳಿ ಇಟ್ಟುಕೊಳ್ಳಿ, ಆಗಲಾದರೆ ಸುಮ್ನೆ ಕೊಡುತ್ತಾರೆ.