ಆಫೀಸಿನ ‘ಆರೋಗ್ಯಕರ’ ವೆಂಡಿಂಗ್ ಮಷೀನ್: ಎರಡು ವರ್ಷ ಬಳಸಿದ ಮೇಲೆ

★★★★☆

ನಮ್ಮ ಮಹಡಿಯಲ್ಲಿ ಹಳೆಯ ಮಷೀನ್ ತೆಗೆದು ಇದನ್ನಿಟ್ಟು ಎರಡು ವರ್ಷ ದಾಟಿತು. ಸಂಜೆ ನಾಲ್ಕಕ್ಕೆ ಹಸಿವಾದರೆ ಹತ್ತಿರದಲ್ಲಿ ಸಿಗುವುದು ಇದೊಂದೇ. ಹಾಗಾಗಿ ವಾರಕ್ಕೆ ಮೂರು ನಾಲ್ಕು ಸಲ ಬಳಸುತ್ತೇನೆ. ಮೊದಲ ಆರು ತಿಂಗಳಲ್ಲೇ ಬರೆದಿದ್ದರೆ ಎರಡು ಸ್ಟಾರ್ ಕೊಡುತ್ತಿದ್ದೆ.

ಆಗ ಆಗಿದ್ದು ಇಷ್ಟು. ಮಷೀನಿನ ಪಕ್ಕದಲ್ಲಿ ಆರೋಗ್ಯದ ಬಗ್ಗೆ ದೊಡ್ಡ ಪೋಸ್ಟರ್. ಒಳಗೆ ಕಣ್ಣಿನ ಮಟ್ಟಕ್ಕೆ ಚಿಪ್ಸ್, ಚಾಕೊಲೇಟ್. ಬಾದಾಮಿ, ಹುರಿದ ಕಾಳು, ಸಿಹಿ ಹಾಕದ ಮೊಸರು ಎಲ್ಲಾ ತೀರಾ ಕೆಳಗಿನ ಸಾಲಿನಲ್ಲಿ, ಬಗ್ಗಿ ಹುಡುಕಬೇಕಿತ್ತು. ಸೇಬು ಸ್ಪ್ರಿಂಗಿನಿಂದ ಧೊಪ್ಪನೆ ಬಿದ್ದು ಜಜ್ಜಿಹೋಗುತ್ತಿತ್ತು. ಯಾರೂ ಕೊಳ್ಳದೆ ಮೊಸರಿನ ಅವಧಿ ಮುಗಿಯಿತು. ಮುಗಿಯಿತೆಂದು ಸರಬರಾಜು ಮಾಡುವವರು ತರುವುದನ್ನೇ ನಿಲ್ಲಿಸಿದರು. ಕೇಳಿದರೆ ‘ಅದಕ್ಕೆ ಬೇಡಿಕೆ ಇಲ್ಲ’ ಎಂಬ ಉತ್ತರ. ಕಾಣದ ಕಡೆ ಇಟ್ಟು ಬೇಡಿಕೆ ಇಲ್ಲ ಅಂದರೆ ಹೇಗೆ? ನನಗೆ ನಿಜಕ್ಕೂ ಬೇಸರವಾಗಿತ್ತು.

ನಾವು ಕೆಲವರು ಸೇರಿ ಆಡಳಿತ ವಿಭಾಗಕ್ಕೆ ಬರೆದೆವು. ಚಿಪ್ಸ್ ತೆಗೆಯಿರಿ ಅನ್ನಲಿಲ್ಲ, ಜಾಗ ಬದಲಿಸಿ ಅಂದೆವು. ಈಗ ಕಾಳು, ಬಾದಾಮಿ, ನೀರು ಮೇಲಿನ ಎರಡು ಸಾಲಿನಲ್ಲಿವೆ. ನಿಂತಿದ್ದ ಮೊಸರೂ ಮತ್ತೆ ಬರುತ್ತಿದೆ. ಚಿಪ್ಸ್ ಸಣ್ಣ ಪ್ಯಾಕೆಟ್ಟಿನಲ್ಲಿ ಕೆಳಗಿದೆ. ಬೇಕಾದವರು ಬಗ್ಗಿ ತೆಗೆದುಕೊಳ್ಳುತ್ತಾರೆ. ನಾನೂ ಒಮ್ಮೊಮ್ಮೆ ಬಗ್ಗುತ್ತೇನೆ.

ಇನ್ನೊಂದು ಬದಲಾವಣೆ ಬೆಲೆಯದು. ಬಾದಾಮಿ ಯಾವತ್ತೂ ಚಿಪ್ಸಿಗಿಂತ ದುಬಾರಿ. ಮಾರಾಟದಿಂದ ಬರುವ ತಮ್ಮ ಕಮಿಷನ್ ಬಿಟ್ಟುಕೊಟ್ಟು ನಮ್ಮ ಕಂಪನಿಯವರು ಆ ಅಂತರ ಇಳಿಸಿದರು. ಅಲ್ಲಿಂದ ಬಾದಾಮಿಯ ಸಾಲು ಬೇಗ ಖಾಲಿಯಾಗತೊಡಗಿತು. ಇದು ನಮ್ಮಲ್ಲಿ ಮಾತ್ರ ಕಂಡದ್ದಲ್ಲ. ಅಮೆರಿಕದಲ್ಲಿ 12 ಕೆಲಸದ ಸ್ಥಳ, 12 ಶಾಲೆಗಳ ವೆಂಡಿಂಗ್ ಮಷೀನುಗಳಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಡಿಮೆ ಕೊಬ್ಬಿನ ತಿಂಡಿಗಳ ಬೆಲೆಯನ್ನು ಶೇ 10, 25, 50ರಷ್ಟು ಇಳಿಸಿದಾಗ ಅವುಗಳ ಮಾರಾಟ ಕ್ರಮವಾಗಿ ಶೇ 9, 39, 93ರಷ್ಟು ಏರಿತ್ತು. ಪೋಸ್ಟರಿಗೆ ಖರ್ಚು ಮಾಡುವ ಹಣವನ್ನು ಬೆಲೆ ಇಳಿಸಲು ಹಾಕಿ ಅಂತ ನಾನು ಹೇಳುವುದು ಇದಕ್ಕೇ.

ನನಗೆ ತುಂಬಾ ಇಷ್ಟವಾದದ್ದು ಪರದೆ. ಗಾಜಿನ ಹಿಂದಿರುವ ಪ್ಯಾಕೆಟ್ಟನ್ನು ತಿರುಗಿಸಿ ಓದುವಂತಿಲ್ಲ. ದುಡ್ಡು ಕೊಟ್ಟ ಮೇಲಷ್ಟೇ ಒಳಗೇನಿದೆ ಎಂದು ಗೊತ್ತಾಗುವುದು. ಇಲ್ಲಿ ನಂಬರ್ ಒತ್ತಿದ ಕೂಡಲೇ ಕ್ಯಾಲೊರಿ, ಸಕ್ಕರೆ, ಉಪ್ಪು ಎಷ್ಟೆಂದು ಕಾಣುತ್ತದೆ, ಆಮೇಲೆ ‘ಬೇಡ’ ಅನ್ನಲೂ ಅವಕಾಶವಿದೆ. 330 ಮಿ.ಲೀ. ಕೋಲಾ ಕ್ಯಾನಿನಲ್ಲಿ ಸುಮಾರು 35 ಗ್ರಾಂ ಸಕ್ಕರೆ ಎಂದು ನೋಡಿದ್ದು ಇಲ್ಲೇ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 50 ಗ್ರಾಂ. ಅಂದು ಹಿಂದಕ್ಕೆ ಒತ್ತಿ ನೀರು ತೆಗೆದುಕೊಂಡೆ.

‘ಆರೋಗ್ಯಕರ’ ಎಂದು ತೋರಿಸಲು ಅಂಟಿಸುವ ಹಸಿರು ಸ್ಟಿಕ್ಕರನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಜೇನು ಸುರಿದು ಮಾಡಿದ ಎನರ್ಜಿ ಬಾರಿಗೂ ಅದನ್ನು ಅಂಟಿಸಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಆ ಮಿತಿಯೊಳಗೆ ಜೇನಿನ ಸಕ್ಕರೆಯೂ ಲೆಕ್ಕಕ್ಕೆ ಬರುತ್ತದೆ. ಎರಡು ಸಲ ದೂರು ಕೊಟ್ಟ ಮೇಲೆ ತೆಗೆದರು.

ಯಂತ್ರದ ಬಗ್ಗೆ ದೂರಿಲ್ಲ. ಹಣ್ಣಿಗೆ ಈಗ ಮೇಲೆ ಕೆಳಗೆ ಚಲಿಸುವ ತಟ್ಟೆ ಇದೆ, ಸೇಬು ಜಜ್ಜುವುದಿಲ್ಲ. ಕರೆಂಟು ಹೋಗಿ ಒಳಗಿನ ತಂಪು ಇಳಿದರೆ ಮೊಸರಿನ ಮಾರಾಟ ತಾನಾಗಿ ನಿಲ್ಲುತ್ತದೆ.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಭರ್ತಿಗೆ. ಸಾಮಾನು ತುಂಬುವುದು ಸೋಮವಾರ, ಬುಧವಾರ ಮಾತ್ರ. ಶುಕ್ರವಾರದ ಹೊತ್ತಿಗೆ ಹಣ್ಣು, ಮೊಸರು ಮುಗಿದು, ವಾರಾಂತ್ಯದ ರಾತ್ರಿ ಪಾಳಿಯವರಿಗೆ ಉಳಿಯುವುದು ಚಿಪ್ಸ್ ಮತ್ತು ಕೋಲಾ. ಬೇರೆ ಅಂಗಡಿ ತೆರೆದಿರದ ಹೊತ್ತಿನಲ್ಲಿ ಈ ಮಷೀನ್ ಹೆಚ್ಚು ಬೇಕಾಗುವುದು ಅವರಿಗೇ. ಶುಕ್ರವಾರ ಸಂಜೆಯೂ ತುಂಬಿಸಿ ಎಂದು ಮತ್ತೆ ಬರೆದಿದ್ದೇವೆ. ಶುರುವಾದ ದಿನ ಈ ವಿಮರ್ಶೆಯನ್ನು ತಿದ್ದುತ್ತೇನೆ.